ಟಿವಿ ಮುಂದೆ ಯಾರೂ ಇಲ್ಲ, ಆದರೂ ಟ್ಯೂನರ್ ಖಾಲಿ ಇಲ್ಲ ಅನ್ನುತ್ತದೆ

ಗೂಬೆಕಣ್ಣು:
ಮನೆಯಲ್ಲಿ ಎರಡು ಟ್ಯೂನರಿನ ಎಚ್‌ಡಿಹೋಮ್‌ರನ್ ಇದೆ, ಅಂದರೆ ಆಂಟೆನಾದ ಚಾನೆಲ್‌ಗಳನ್ನು ಮನೆಯ ನೆಟ್‌ವರ್ಕಿಗೆ ಕೊಡುವ ಪೆಟ್ಟಿಗೆ; ಒಂದು ಟ್ಯೂನರಿಗೆ ಒಂದು ಸಲಕ್ಕೆ ಒಂದೇ ಚಾನೆಲ್. ರೆಕಾರ್ಡಿಂಗಿಗೆ ಒಂದು ಸಾಫ್ಟ್‌ವೇರ್, ನೋಡೋಕೆ ಬೇರೆ ಮೀಡಿಯಾ ಸರ್ವರ್. ಎರಡೂ ಒಂದೇ ಹಳೇ ಲ್ಯಾಪ್‌ಟಾಪ್‌ನಲ್ಲಿ ಓಡುತ್ತವೆ. ಮಂಗಳವಾರ, ಗುರುವಾರ ರಾತ್ರಿ 9ಕ್ಕೆ ಎರಡು ರೆಕಾರ್ಡಿಂಗ್ ಹಾಕಿದ್ದೇನೆ. ಮೂರು ವಾರದಿಂದ ಅದರಲ್ಲಿ ಒಂದು ಕೈಕೊಡುತ್ತಿದೆ. ಫೈಲ್ ಇರುತ್ತದೆ, ಒಳಗೆ 0 ಬೈಟ್. ಲಾಗ್‌ನಲ್ಲಿ 503 ಎಂಬ ಎರರ್. ಆ ಹೊತ್ತಿಗೆ ಟಿವಿ ಯಾರೂ ನೋಡುತ್ತಿರಲಿಲ್ಲ, ನಾನೇ ಸಾಕ್ಷಿ. ಕೇಬಲ್ ಬದಲಿಸಿದೆ, ಆಂಟೆನಾ ತಿರುಗಿಸೋಕೆ ಹೋಗಿ ಮೊಣಕಾಲು ತರಚಿಕೊಂಡೆ. ಪೆಟ್ಟಿಗೆಯೇ ಕೆಟ್ಟಿದೆಯಾ?

ಹಳೇತಂತಿ:
ಆಂಟೆನಾ ಪಾಪ, ಅದರ ತಪ್ಪಲ್ಲ ಬಿಡಿ. ಸಿಗ್ನಲ್ ಸರಿ ಇಲ್ಲದಿದ್ದರೆ ಚಿತ್ರ ಚೂರುಚೂರಾಗುತ್ತದೆ. 503 ಅಂದರೆ ಸಾಮಾನ್ಯವಾಗಿ ಟ್ಯೂನರ್ ಖಾಲಿ ಇಲ್ಲ ಅಂತ ಪೆಟ್ಟಿಗೆ ಹೇಳುತ್ತಿದೆ. 9 ಗಂಟೆ ದಾಟಿದ ಮೇಲೆ ಬ್ರೌಸರ್‌ನಲ್ಲಿ ಪೆಟ್ಟಿಗೆಯ ಐಪಿ (ನೆಟ್‌ವರ್ಕ್ ವಿಳಾಸ) ಹಾಕಿ ಟ್ಯೂನರ್ ಸ್ಟೇಟಸ್ ನೋಡಿ. ಯಾವ ಟ್ಯೂನರ್, ಯಾವ ಚಾನೆಲ್, ಯಾವ ಐಪಿಗೆ ಹೋಗುತ್ತಿದೆ, ಎಲ್ಲ ಗೊತ್ತಾಗುತ್ತದೆ.

ಗೂಬೆಕಣ್ಣು:
ಇವತ್ತು 9:05ಕ್ಕೆ ನೋಡಿದೆ. ಟ್ಯೂನರ್ 0, ಟ್ಯೂನರ್ 1 ಎರಡೂ ಬ್ಯುಸಿ, ಎರಡರದ್ದೂ ಒಂದೇ ಐಪಿ. ಇರಲೇಬೇಕು, ಲ್ಯಾಪ್‌ಟಾಪ್ ಒಂದೇ ಅಲ್ವಾ! ಹಾಗಾಗಿ ರೆಕಾರ್ಡಿಂಗ್ ಸಾಫ್ಟ್‌ವೇರನ್ನೇ ನಿಲ್ಲಿಸಿದೆ. ಟ್ಯೂನರ್ 1 ಖಾಲಿ ಆಯಿತು, 0 ಆಗಲಿಲ್ಲ. ಅದರಲ್ಲಿದ್ದ ಚಾನೆಲ್ ನಾನು ಹಾಕಿದ್ದೇ ಅಲ್ಲ. ಮೀಡಿಯಾ ಸರ್ವರ್ ತೆರೆದರೆ, ಹೋದ ವರ್ಷ ಸುಮ್ನೆ ಪರೀಕ್ಷೆ ಮಾಡೋಕೆ ಹಾಕಿದ್ದ ಒಂದು ಸೀರೀಸ್ ರೆಕಾರ್ಡಿಂಗ್ ಇನ್ನೂ ಜೀವಂತ! ಆ ಕಾರ್ಯಕ್ರಮದ ಹೊಸ ಸೀಸನ್ ಶುರುವಾಗಿ ಸರಿಯಾಗಿ ಮೂರು ವಾರ. ಯಾರೂ ನೋಡದ ಆರು ಎಪಿಸೋಡ್ ಒಂದು ಫೋಲ್ಡರ್‌ನಲ್ಲಿ ತಣ್ಣಗೆ ಕೂತಿವೆ.

ಮೂಲೆಮನೆ:
ಅದನ್ನು ಅಳಿಸಿದರೆ ಈ ವಾರಕ್ಕೆ ಸರಿ. ಮುಂದೆ ಮತ್ತೆ ಬರುತ್ತದೆ. ಎರಡು ಸಾಫ್ಟ್‌ವೇರಿಗೂ ‘ನನಗೆ ಎರಡು ಟ್ಯೂನರ್ ಇದೆ’ ಎಂಬ ನಂಬಿಕೆ. ಪೆಟ್ಟಿಗೆ ಯಾರಿಗೂ ಜಾಗ ಕಾದಿರಿಸುವುದಿಲ್ಲ, ಮೊದಲು ಕೇಳಿದವರಿಗೆ ಕೊಡುತ್ತದೆ. ಟ್ಯೂನರ್ ಯಜಮಾನಿಕೆ ಒಬ್ಬರಿಗೇ ಇರಲಿ. ನಾನು ಟಿವಿಹೆಡ್‌ಎಂಡ್ ಎಂಬ ಟಿವಿ ಸರ್ವರ್ ಸಾಫ್ಟ್‌ವೇರ್ ಇಟ್ಟುಕೊಂಡಿದ್ದೇನೆ. ರೆಕಾರ್ಡಿಂಗ್ ಅದರಲ್ಲೇ. ಮೀಡಿಯಾ ಸರ್ವರ್ ನೇರವಾಗಿ ಪೆಟ್ಟಿಗೆಗೆ ಹೋಗದೆ, ಟಿವಿಹೆಡ್‌ಎಂಡ್‌ನ 9981 ಪೋರ್ಟಿನಲ್ಲಿ ಸಿಗುವ ಪ್ಲೇಲಿಸ್ಟ್‌ನಿಂದ (ಚಾನೆಲ್ ಪಟ್ಟಿ) ಚಾನೆಲ್ ತೆಗೆದುಕೊಳ್ಳುತ್ತದೆ. ರೆಕಾರ್ಡಿಂಗಿಗೆ ಜಾಸ್ತಿ ಆದ್ಯತೆ ಕೊಟ್ಟರೆ, ಇಕ್ಕಟ್ಟಾದಾಗ ನೋಡುತ್ತಿರುವವರ ಚಾನೆಲ್ ಹೋಗುತ್ತದೆ, ರೆಕಾರ್ಡಿಂಗ್ ಉಳಿಯುತ್ತದೆ. ಮನೆಯವರಿಗೆ ಇದನ್ನು ಮೊದಲೇ ಹೇಳಿಡಿ!

ಒಂದು ಮಾತು: ಮೀಡಿಯಾ ಸರ್ವರ್‌ನ ಟ್ಯೂನರ್ ಪಟ್ಟಿಯಿಂದ ಪೆಟ್ಟಿಗೆಯನ್ನು ತೆಗೆದುಹಾಕೋದು ಮರೀಬೇಡಿ. ನಾನು ಮರೆತು ಒಂದು ಭಾನುವಾರ ಪೂರ್ತಿ ಕಳೆದೆ.

ಗೂಬೆಕಣ್ಣು:
ಶನಿವಾರ ಕೂತು ಹಾಗೇ ಮಾಡಿದೆ. ನಿನ್ನೆ ಮಂಗಳವಾರ, ಎರಡೂ ಫೈಲ್ ಪೂರ್ತಿ ಬಂದಿವೆ. ಆ ಆರು ಎಪಿಸೋಡ್ ಅಳಿಸೋಕೆ ಹೋಗಿದ್ದೆ, ಮೊದಲನೆಯದು ನೋಡುತ್ತಾ ಕೂತುಬಿಟ್ಟೆ. ಚೆನ್ನಾಗಿದೆ.