ಶಿಕ್ಷೆ ಮುಗಿದಿದೆ, ಅರ್ಜಿಯ ಆ ಒಂದು ಪ್ರಶ್ನೆಗೆ ಏನೆಂದು ಬರೆಯಬೇಕು?

ಪ್ರಶ್ನೆ – ಹಿರಿಯಕ್ಕ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ತಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಂಸ್ಥೆಯ ಹಣವನ್ನು ಸ್ವಂತ ಸಾಲ ತೀರಿಸಲು ಬಳಸಿಕೊಂಡಿದ್ದ. ನಂಬಿಕೆದ್ರೋಹದ ಆ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿ ಅವನಿಗೆ ಎರಡು ವರ್ಷಗಳ ಕಾರಾವಾಸವಾಯಿತು. ಹಣವನ್ನು ಪೂರ್ತಿಯಾಗಿ ಹಿಂದಿರುಗಿಸಿದ್ದೇವೆ, ಶಿಕ್ಷೆಯನ್ನು ಅವನು ಪೂರ್ತಿಯಾಗಿ ಅನುಭವಿಸಿದ್ದಾನೆ, ಯಾವ ಮೇಲ್ಮನವಿಯೂ ಬಾಕಿಯಿಲ್ಲ. ಹೊರಗೆ ಬಂದು ಒಂದು ವರ್ಷವಾಗುತ್ತ ಬಂದಿದೆ.

ಈಗ ಒಂದು ಉದ್ಯೋಗದ ಅರ್ಜಿ ಅವನ ಮುಂದಿದೆ. ಅದರ ಎರಡನೆಯ ಪುಟದಲ್ಲಿ, "ನಿಮ್ಮ ಮೇಲಿನ ಯಾವುದಾದರೂ ಅಪರಾಧ ನ್ಯಾಯಾಲಯದಲ್ಲಿ ಸಾಬೀತಾಗಿದೆಯೇ?" ಎಂಬ ಪ್ರಶ್ನೆಯಿದೆ. ಅವನು "ಇಲ್ಲ" ಎಂದು ಬರೆಯಬೇಕೆಂದಿದ್ದಾನೆ. ಶಿಕ್ಷೆ ಮುಗಿದ ಮೇಲೆ ಲೆಕ್ಕ ಚುಕ್ತಾ ಆಯಿತಲ್ಲ, ಇನ್ನೂ ಯಾರಿಗೆ ಏನು ಹೇಳುವುದಿದೆ ಎಂಬುದು ಅವನ ವಾದ. ಆ ವಾದಕ್ಕೆ ನನ್ನ ಬಳಿ ಉತ್ತರವಿಲ್ಲ, ಆದರೆ ಅವನು ಹಾಗೆ ಬರೆಯುವುದನ್ನು ಸುಮ್ಮನೆ ನೋಡುತ್ತ ಕುಳಿತುಕೊಳ್ಳಲೂ ಮನಸ್ಸು ಒಪ್ಪುತ್ತಿಲ್ಲ. ಶಿಕ್ಷೆಯ ಅವಧಿ ಮುಗಿದ ಮೇಲೆ ಕಾನೂನಿನ ಪ್ರಕಾರ ಏನೇನು ಉಳಿಯುತ್ತದೆ, ಅದು ಎಷ್ಟು ಕಾಲ ಉಳಿಯುತ್ತದೆ, ಜನರ ನಡುವೆ ಇದನ್ನು ಹೇಗೆ ನಿಭಾಯಿಸಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ – ವೃತ್ತಿಯಿಂದ ವಕೀಲ

ಮೇಡಂ, ಯಾವ ದೇಶದ ನ್ಯಾಯಾಲಯ, ಯಾವ ದೇಶದ ಉದ್ಯೋಗ ಎಂಬುದನ್ನು ನೀವು ಬರೆದಿಲ್ಲ. ಈ ವಿಷಯದಲ್ಲಿ ಬಹುಪಾಲು ಅದರ ಮೇಲೆಯೇ ನಿಂತಿರುವುದರಿಂದ, ಬೇರೆ ಬೇರೆ ಕಡೆಯ ನಿಯಮಗಳನ್ನು ಹೇಳುತ್ತೇನೆ. ನಿಮಗೆ ಅನ್ವಯಿಸುವುದನ್ನು ಅಲ್ಲಿನ ವಕೀಲರಿಂದ ಖಚಿತಪಡಿಸಿಕೊಳ್ಳಿ.

ನ್ಯಾಯಾಧೀಶರು ತೀರ್ಪಿನಲ್ಲಿ ಓದಿ ಹೇಳುವ ಶಿಕ್ಷೆ ಒಂದು; ಆ ತೀರ್ಪು ಬಂದಿದೆ ಎಂಬ ಕಾರಣಕ್ಕೆ ಬೇರೆ ಕಾಯ್ದೆಗಳಿಂದ ತಾನಾಗಿಯೇ ಬಂದು ಅಂಟಿಕೊಳ್ಳುವ ಅನರ್ಹತೆಗಳು ಮತ್ತೊಂದು. ಎರಡನೆಯದನ್ನು ನ್ಯಾಯಾಲಯದಲ್ಲಿ ಸಾಮಾನ್ಯವಾಗಿ ಯಾರೂ ಓದಿ ಹೇಳುವುದಿಲ್ಲ. ತಪ್ಪೊಪ್ಪಿಗೆ ನೀಡಿದರೆ ಗಡೀಪಾರಿನ ಅಪಾಯವಿದೆ ಎಂದು ವಿದೇಶಿ ಕಕ್ಷಿದಾರನಿಗೆ ಮೊದಲೇ ತಿಳಿಸುವುದು ವಕೀಲನ ಕರ್ತವ್ಯ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದ್ದು 2010ರಲ್ಲಿ, ಅಂದರೆ ಬಹಳ ತಡವಾಗಿ. ತಮಗೆ ಏನೇನು ಕಾದಿದೆ ಎಂಬುದು ಗೊತ್ತಿಲ್ಲದೆಯೇ ತಪ್ಪೊಪ್ಪಿಕೊಂಡವರನ್ನು ನಾನು ನನ್ನ ವೃತ್ತಿಯಲ್ಲಿ ಕಂಡಿದ್ದೇನೆ, ಮತ್ತು ಇದು ನಮ್ಮ ವೃತ್ತಿಯವರೇ ಹೊರಬೇಕಾದ ಹೊಣೆ ಎಂದು ನಂಬಿದ್ದೇನೆ.

ನಿಮ್ಮ ತಮ್ಮನವರ ವಾದ ಕಾನೂನಿಗೆ ಪೂರ್ತಿ ಹೊರಗಿನದೇನೂ ಅಲ್ಲ. ಬ್ರಿಟನ್ನಿನ 1974ರ ಅಪರಾಧಿಗಳ ಪುನರ್ವಸತಿ ಕಾಯ್ದೆ ಇದೇ ತತ್ವದ ಮೇಲೆ ನಿಂತಿದೆ: ನಿಗದಿತ ಕಾಲ ಕಳೆದ ಮೇಲೆ ಅಪರಾಧದ ತೀರ್ಪು "ತೀರಿದ್ದು" ಎಂದಾಗುತ್ತದೆ, ಆಮೇಲೆ ಸಾಮಾನ್ಯ ಉದ್ಯೋಗದ ಅರ್ಜಿಯಲ್ಲಾಗಲಿ ವಿಮೆಯ ಅರ್ಜಿಯಲ್ಲಾಗಲಿ ಅದನ್ನು ಹೇಳಬೇಕಾಗಿಲ್ಲ. ಆದರೆ ಆ ಕಾಲ ಬಿಡುಗಡೆಯ ದಿನವೇ ಮುಗಿದುಹೋಗುವುದಿಲ್ಲ. 2023ರ ಅಕ್ಟೋಬರಿನಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಜಾರಿಯಲ್ಲಿರುವ ಲೆಕ್ಕದಂತೆ, ವಯಸ್ಕರಿಗೆ ಒಂದು ವರ್ಷದವರೆಗಿನ ಕಾರಾವಾಸವಾಗಿದ್ದರೆ ಶಿಕ್ಷೆಯ ಪೂರ್ಣ ಅವಧಿ ಮುಗಿದ ಮೇಲೆ ಇನ್ನೂ 1 ವರ್ಷ, ಒಂದರಿಂದ ನಾಲ್ಕು ವರ್ಷದವರೆಗಿನದಾಗಿದ್ದರೆ 4 ವರ್ಷ, ಅದಕ್ಕೂ ಮೇಲ್ಪಟ್ಟದ್ದಾಗಿದ್ದರೆ 7 ವರ್ಷ ಕಾಯಬೇಕು. ಗಂಭೀರ ಹಿಂಸೆ, ಲೈಂಗಿಕ ಅಪರಾಧ ಮತ್ತು ಭಯೋತ್ಪಾದನೆಯ ದೀರ್ಘ ಶಿಕ್ಷೆಗಳಿಗೆ ಈ ಕೊನೆಯ ರಿಯಾಯಿತಿ ಇಲ್ಲ. ಮಕ್ಕಳ ಆರೈಕೆಯಂತಹ ಉದ್ಯೋಗಗಳಿಗೆ ನಿಯಮವೇ ಬೇರೆ. ಕೆನಡಾದಲ್ಲಿ ಹಳೆಯ ಅಪರಾಧದ ದಾಖಲೆ ತಾನಾಗಿ ಮರೆಯಾಗುವುದಿಲ್ಲ, ಅರ್ಜಿ ಹಾಕಿಕೊಳ್ಳಬೇಕು, ಅದಕ್ಕೂ ಮೊದಲು ಸಣ್ಣ ಅಪರಾಧಕ್ಕೆ 5 ವರ್ಷ ಮತ್ತು ದೊಡ್ಡದಕ್ಕೆ 10 ವರ್ಷ ಕಾಯಬೇಕು. ಜರ್ಮನಿಯಲ್ಲಿ ಬೇರೆ ಅಪರಾಧದ ದಾಖಲೆಯಿಲ್ಲದವರ ಮೂರು ತಿಂಗಳವರೆಗಿನ ಕಾರಾವಾಸವನ್ನು ಸಾಮಾನ್ಯ ನಡತೆ ಪ್ರಮಾಣಪತ್ರದಲ್ಲಿ ಕಾಣಿಸುವುದೇ ಇಲ್ಲ.

ಭಾರತದಲ್ಲಿ ವಯಸ್ಕರಿಗೆ ಹೀಗೆ ಕಾಲ ಕಳೆದಂತೆ ಅಳಿಸಿಹೋಗುವ ಸಾಮಾನ್ಯ ನಿಯಮವಿಲ್ಲ. 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 12ನೇ ಕಲಮು, ಸದ್ವರ್ತನೆಯ ಮುಚ್ಚಳಿಕೆಯ ಮೇಲೆ ಬಿಡುಗಡೆಯಾದವರಿಗೆ ಆ ತೀರ್ಪಿನಿಂದ ಅನರ್ಹತೆ ತಗಲಬಾರದೆನ್ನುತ್ತದೆ. 2015ರ ಬಾಲನ್ಯಾಯ ಕಾಯ್ದೆಯ 24ನೇ ಕಲಮು ಮಕ್ಕಳಿಗೆ ಅಂಥದ್ದೇ ರಕ್ಷಣೆ ಕೊಡುತ್ತದೆ. ಕಾರಾವಾಸ ಅನುಭವಿಸಿದ ವಯಸ್ಕರಿಗೆ ಇವೆರಡೂ ದೊರೆಯುವುದಿಲ್ಲ. ಎರಡು ವರ್ಷ ಎಂಬ ಗಡಿಯೂ ಅಲ್ಲಿ ಮುಖ್ಯ: ನೈತಿಕ ಅಧಃಪತನದ, ಅಂದರೆ ಮೋಸ, ನಂಬಿಕೆದ್ರೋಹದಂಥ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆಯಿಲ್ಲದ ಶಿಕ್ಷೆಯಾಗಿದ್ದರೆ ತೀರ್ಪಿನಿಂದ ಐದು ವರ್ಷದೊಳಗೆ ಪಾಸ್‌ಪೋರ್ಟ್ ನಿರಾಕರಿಸಲು ಅವಕಾಶವಿದೆ, ಮತ್ತು ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದವರು ಬಿಡುಗಡೆಯ ನಂತರ ಆರು ವರ್ಷ ಶಾಸನಸಭೆಗೂ ಸಂಸತ್ತಿಗೂ ಸ್ಪರ್ಧಿಸುವಂತಿಲ್ಲ.

ಇನ್ನು ಅರ್ಜಿಯ ಪ್ರಶ್ನೆ. ಸುಳ್ಳು ಬರೆಯಬೇಡಿ, ಕೇಳದ್ದನ್ನೂ ಬರೆಯಬೇಡಿ. ಭಾರತದ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಹೇಳಿದ್ದು ಎಲ್ಲ ಕಡೆಗೂ ಒಳ್ಳೆಯ ಮಾರ್ಗಸೂಚಿ: ಅಭ್ಯರ್ಥಿ ಕೊಡುವ ಮಾಹಿತಿ ನಿಜವಾಗಿರಬೇಕು, ಹಾಗೆಯೇ ಅರ್ಜಿಯ ಪ್ರಶ್ನೆಯೂ ನಿರ್ದಿಷ್ಟವಾಗಿರಬೇಕು, ನಿರ್ದಿಷ್ಟವಾಗಿ ಕೇಳಿದ್ದನ್ನು ಮಾತ್ರ ತಿಳಿಸಬೇಕಾಗುತ್ತದೆ. ನಿಮ್ಮ ಅರ್ಜಿಯಲ್ಲಿರುವ ಪ್ರಶ್ನೆ ನಿರ್ದಿಷ್ಟವಾಗಿಯೇ ಇದೆ. "ತೀರಿದ್ದು" ಎನ್ನುವ ಕಾನೂನು ನಿಮಗೆ ಅನ್ವಯಿಸಿ, ಅದರ ಕಾಲವೂ ಕಳೆದಿದ್ದರೆ ಮಾತ್ರ "ಇಲ್ಲ" ಎನ್ನಬಹುದು. ಬಿಡುಗಡೆಯಾಗಿ ಒಂದೇ ವರ್ಷವಾಗಿರುವುದರಿಂದ ಈ ಶಿಕ್ಷೆಗೆ ಅದು ಸಾಧ್ಯವಾಗುವ ದೇಶಗಳು ಕಡಿಮೆ. ಬಂಧನ, ಆರೋಪಪಟ್ಟಿ, ಅಪರಾಧ ಸಾಬೀತಾಗುವುದು, ಈ ಮೂರೂ ಬೇರೆ ಬೇರೆ ಎಂಬುದನ್ನೂ ಗಮನಿಸಿ. ಅಮೆರಿಕದ ವೀಸಾ ಅರ್ಜಿಯಂಥವು ಬಂಧನವನ್ನೂ ಕೇಳುತ್ತವೆ, ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕೆನ್ನುತ್ತವೆ. ಮನೆಯಲ್ಲಿ ಕುಳಿತು ತಾನೇ ಅರ್ಥ ಮಾಡಿಕೊಂಡು ತುಂಬುವ ಕಾಗದವಲ್ಲ ಅದು.

ಉತ್ತರ – ಹೆಸರು ಬೇಡ

ನಿಮ್ಮ ತಮ್ಮನಿಗೆ ಇದನ್ನು ಓದಿ ಹೇಳಿ ಅಕ್ಕ. ನಾನು "ಇಲ್ಲ" ಎಂದು ಬರೆದವನು.

ಹದಿನಾಲ್ಕು ತಿಂಗಳು ಆ ಕಚೇರಿಯಲ್ಲಿ ಕೆಲಸ ಮಾಡಿದೆ. ಕೆಲಸದ ಬಗ್ಗೆ ಯಾರೂ ಒಂದು ದೂರು ಹೇಳಲಿಲ್ಲ. ಆದರೆ ಆ ಹದಿನಾಲ್ಕು ತಿಂಗಳೂ ದೂರವಾಣಿ ಗಂಟೆ ಬಾರಿಸಿದಾಗಲೆಲ್ಲ ಎದೆ ಹೊಡೆದುಕೊಳ್ಳುತ್ತಿತ್ತು, ಹೊಸಬರು ಯಾರಾದರೂ ಸೇರಿದರೆ ಅವರಿಗೆ ನನ್ನ ಪರಿಚಯವಿರಬಹುದೇ ಎಂದು ಮುಖ ನೋಡುತ್ತಿದ್ದೆ. ಕೊನೆಗೆ ಬಡ್ತಿಗಾಗಿ ಹಿನ್ನೆಲೆ ಪರಿಶೀಲನೆ ನಡೆದಾಗ ವಿಷಯ ಹೊರಬಂತು. ನನ್ನನ್ನು ಕರೆಸಿದ ಅಧಿಕಾರಿ ಹಳೆಯ ಅಪರಾಧದ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ನಾನು ತುಂಬಿದ ಅರ್ಜಿಯನ್ನು ಮುಂದಿಟ್ಟು, ಇದರಲ್ಲಿನ ಸಹಿ ನಿಮ್ಮದೇ ಅಲ್ಲವೇ ಎಂದು ಮಾತ್ರ ಕೇಳಿದರು. ಮೊದಲನೆಯ ತಪ್ಪಿಗೆ ಶಿಕ್ಷೆ ಅನುಭವಿಸಿ ಮುಗಿಸಿದ್ದೆ, ಕೆಲಸ ಹೋದದ್ದು ಎರಡನೆಯದಕ್ಕೆ.

ಜನರ ವಿಷಯ ಕೇಳಿದ್ದೀರಿ. ಯಾರೂ ಎದುರಿಗೆ ಏನನ್ನೂ ಅನ್ನುವುದಿಲ್ಲ. ನಾನು ಹೋಗಿ ಕುಳಿತ ಕಡೆ ಮಾತು ಬೇರೆ ವಿಷಯಕ್ಕೆ ತಿರುಗುತ್ತಿತ್ತು, ಯಾರದಾದರೂ ವಸ್ತು ಕಾಣೆಯಾದರೆ ಎಲ್ಲರೂ ನನ್ನ ಕಡೆ ನೋಡದಿರಲು ಪ್ರಯತ್ನಿಸುತ್ತಿದ್ದರು, ಆ ಪ್ರಯತ್ನ ನನಗೆ ಕಾಣುತ್ತಿತ್ತು. ಬಾಡಿಗೆ ಮನೆ ಮಾತಾದ ಮೇಲೆ ಎರಡು ಬಾರಿ ಕೈತಪ್ಪಿತು, ಕಾರಣ ಹೇಳಲಿಲ್ಲ. ಇದರಲ್ಲಿ ಹೆಚ್ಚು ನೊಂದವಳು ನನ್ನ ಮಗಳು. ಅವಳು ಯಾವ ತಪ್ಪನ್ನೂ ಮಾಡಿರಲಿಲ್ಲ, ಆದರೂ ಅಪ್ಪ ಎಲ್ಲಿದ್ದರು ಎಂಬ ಪ್ರಶ್ನೆಗೆ ಎರಡು ವರ್ಷ ಸುಳ್ಳು ಹೇಳಿದ್ದಳು. ಒಂದು ದಿನ ಅವಳನ್ನು ಕೂರಿಸಿಕೊಂಡು, ಇನ್ನು ಮುಂದೆ ನನಗಾಗಿ ನೀನು ಸುಳ್ಳು ಹೇಳಬೇಕಾಗಿಲ್ಲ, ಹೇಳಬೇಕಾದದ್ದನ್ನು ನಾನೇ ಹೇಳುತ್ತೇನೆ ಎಂದೆ. ಆ ದಿನದಿಂದ ಮನೆಯೊಳಗಿನ ಉಸಿರು ಬದಲಾಯಿತು.

ನಂತರ ಆರು ಕಡೆ "ಹೌದು" ಎಂದು ಬರೆದೆ. ಐದು ಕಡೆಯಿಂದ ಉತ್ತರವೇ ಬರಲಿಲ್ಲ. ಆರನೆಯ ಕಡೆ ಈಗ ಒಂಬತ್ತು ವರ್ಷದಿಂದ ಇದ್ದೇನೆ.

ಉತ್ತರ – ನೇಮಕಾತಿ ವಿಭಾಗ

ನಾನು ಅರ್ಜಿಗಳನ್ನು ಓದುವ ಕಡೆಯಲ್ಲಿ ಕುಳಿತಿರುವವಳು. ಮೇಲಿನವರ ಐದು ಮೌನಗಳು ನನಗೆ ಆಶ್ಚರ್ಯ ತರುವುದಿಲ್ಲ, ನಾಚಿಕೆ ತರುತ್ತವೆ. ಸಮಾಜಶಾಸ್ತ್ರಜ್ಞೆ ಡೆವಾ ಪೇಜರ್ ಅಮೆರಿಕದ ಮಿಲ್ವಾಕೀ ನಗರದಲ್ಲಿ ನಡೆಸಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದೇ ಬಗೆಯ ಅರ್ಹತೆಯುಳ್ಳ ಯುವಕರನ್ನು ಕೆಲಸ ಕೇಳಲು ಕಳುಹಿಸಲಾಯಿತು. ಅವರಲ್ಲಿ ಕೆಲವರು ತಮಗೆ ಶಿಕ್ಷೆಯಾಗಿತ್ತೆಂದು ಹೇಳಿಕೊಳ್ಳಬೇಕಿತ್ತು. ಹಾಗೆ ಹೇಳದ ಬಿಳಿಯರಲ್ಲಿ ನೂರಕ್ಕೆ 34 ಮಂದಿಗೆ ಮರುಕರೆ ಬಂದರೆ, ಹೇಳಿಕೊಂಡ ಬಿಳಿಯರಿಗೆ 17. ಕಪ್ಪು ಜನರಲ್ಲಿ ದಾಖಲೆ ಇಲ್ಲದವರಿಗೆ 14, ಇದ್ದವರಿಗೆ 5. ಯಾವ ಶಿಕ್ಷೆಯೂ ಆಗದ ಕಪ್ಪು ಯುವಕನಿಗಿಂತ ಶಿಕ್ಷೆಯಾದ ಬಿಳಿ ಯುವಕನಿಗೆ ಬಂದ ಕರೆಗಳೇ ಹೆಚ್ಚು. ಈ ಕಳಂಕ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯವನ್ನು ನಾನು ಕಂಡಿಲ್ಲ.

ಆದ್ದರಿಂದಲೇ ಆ ಪ್ರಶ್ನೆಯನ್ನು ಅರ್ಜಿಯಿಂದ ತೆಗೆದು, ಆಯ್ಕೆಯ ಕೊನೆಯ ಹಂತದಲ್ಲಿ ಕೇಳಬೇಕೆಂದು ಕೆಲವು ಕಡೆ ಕಾನೂನುಗಳಾಗಿವೆ. ಅಮೆರಿಕದ ಹವಾಯಿ ರಾಜ್ಯ 1998ರಲ್ಲೇ ಮಾಡಿತು. ನನ್ನ ಅನುಭವದಲ್ಲೂ ಮುಖ ನೋಡಿ ಮಾತನಾಡಿದ ಮೇಲೆ ತಿಳಿದ ವಿಷಯ ಬೇರೆ ತೂಕದ್ದಾಗಿರುತ್ತದೆ. ಇನ್ನೊಂದು ಮಾತನ್ನು ಉದ್ಯೋಗ ಕೊಡುವವರು ತಿಳಿದಿರಬೇಕು. ಬ್ಲಮ್‌ಸ್ಟೈನ್ ಮತ್ತು ನಕಮುರ 2009ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಮತ್ತೆ ಅಪರಾಧ ಮಾಡದೆ ಸುಮಾರು 4ರಿಂದ 8 ವರ್ಷ ಕಳೆದವರು ಹೊಸದಾಗಿ ಬಂಧನಕ್ಕೊಳಗಾಗುವ ಸಾಧ್ಯತೆ ಅದೇ ವಯಸ್ಸಿನ ಸಾಮಾನ್ಯ ಜನರದಕ್ಕಿಂತ ಹೆಚ್ಚೇನೂ ಇರಲಿಲ್ಲ. ಎಂದೆಂದಿಗೂ ಕೇಳುತ್ತಲೇ ಇರುವ ಪ್ರಶ್ನೆಗೆ ಆಧಾರವಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಿಮ್ಮ ತಮ್ಮನಿಗೆ ಕಾರ್ಯರೂಪದ ಸಲಹೆ: "ಹೌದು" ಎಂದು ಬರೆದು ಜೊತೆಗೆ ಅರ್ಧ ಪುಟದ ವಿವರಣೆ ಲಗತ್ತಿಸಲಿ. ಯಾವ ಅಪರಾಧ, ಯಾವ ವರ್ಷ, ಎಷ್ಟು ಶಿಕ್ಷೆ, ಹಣ ಹಿಂದಿರುಗಿಸಿದ ದಾಖಲೆ, ಅಂದಿನಿಂದ ಏನು ಮಾಡುತ್ತಿದ್ದಾನೆ, ಇಷ್ಟು ಸಾಕು. ಕಾರಣಗಳನ್ನು ಉದ್ದಕ್ಕೆ ಬರೆದರೆ ಓದುವವರಿಗೆ ಅದು ಸಮರ್ಥನೆಯಂತೆ ಕೇಳಿಸುತ್ತದೆ. ನೇರವಾಗಿ ಹಣ ನಿರ್ವಹಿಸುವ ಹುದ್ದೆಗೆ ಸದ್ಯಕ್ಕೆ ಹಾಕದಿರುವುದು ಒಳ್ಳೆಯದು; ಹುದ್ದೆಗೂ ಅಪರಾಧಕ್ಕೂ ನೇರ ಸಂಬಂಧವಿದ್ದಾಗ ನಾನು ಸಹ ಹಿಂಜರಿಯುತ್ತೇನೆ, ಇಲ್ಲದಿದ್ದಾಗ ಹಿಂಜರಿಯಲು ಕಾರಣವೇ ಇಲ್ಲ.

ಮರುಪ್ರಶ್ನೆ – ಹಿರಿಯಕ್ಕ

ಗುರುತು ಸಿಗಬಾರದೆಂದೇ ದೇಶದ ಹೆಸರು ಬರೆಯಲಿಲ್ಲ, ಕ್ಷಮಿಸಿ. ಇನ್ನೆರಡು ಸಂದೇಹಗಳಿವೆ. ಇನ್ನು ಮುಂದೆ ತಾನು ಮತ ಹಾಕುವಂತಿಲ್ಲ ಎಂದು ತಮ್ಮ ನಂಬಿದ್ದಾನೆ, ಅದು ನಿಜವೇ? ಅಂದಿನ ಪತ್ರಿಕೆಯ ವರದಿ ಇಂದಿಗೂ ಅಂತರ್ಜಾಲದಲ್ಲಿ ಹುಡುಕಿದರೆ ಸಿಗುತ್ತದೆ. ಅದನ್ನು ತೆಗೆಸಲು ಸಾಧ್ಯವೇ?

ಉತ್ತರ – ವೃತ್ತಿಯಿಂದ ವಕೀಲ

ಮತದ ಬಗ್ಗೆ ಈ ತಪ್ಪು ನಂಬಿಕೆ ಬಹಳ ಜನರಲ್ಲಿದೆ. ಭಾರತದಲ್ಲಿ ಸೆರೆಮನೆಯಲ್ಲಿರುವಾಗ ಮಾತ್ರ ಮತ ಹಾಕುವಂತಿಲ್ಲ, ಬಿಡುಗಡೆಯ ನಂತರ ಹಾಕಬಹುದು. ಚುನಾವಣೆಗೆ ನಿಲ್ಲುವುದರ ನಿಷೇಧ ಬೇರೆ, ಮತದ ಹಕ್ಕು ಬೇರೆ. ಕೆನಡಾದಲ್ಲಿ 2002ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕೈದಿಗಳೂ ಮತ ಹಾಕುತ್ತಾರೆ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ: ಮೇನ್ ಮತ್ತು ವರ್ಮಾಂಟ್‌ಗಳಲ್ಲಿ ಸೆರೆಯಲ್ಲಿದ್ದರೂ ಹಕ್ಕು ಹೋಗುವುದಿಲ್ಲ, ಫ್ಲಾರಿಡಾದಲ್ಲಿ 2018ರ ಜನಮತದಿಂದ ಮರಳಿ ಬಂದ ಹಕ್ಕಿಗೆ ಮರುವರ್ಷವೇ, ದಂಡ ಮತ್ತು ಶುಲ್ಕಗಳನ್ನು ಪೂರ್ತಿ ಕಟ್ಟಿರಬೇಕೆಂಬ ಷರತ್ತು ಬಂದು ಸೇರಿತು.

ವರದಿಯ ವಿಷಯ ಕಷ್ಟದ್ದು. ಲಂಡನ್ನಿನ ಹೈಕೋರ್ಟ್ 2018ರಲ್ಲಿ, ತೀರ್ಪಿನ ಅವಧಿ ತೀರಿದ್ದ ಇಬ್ಬರು ಉದ್ಯಮಿಗಳು ಗೂಗಲ್ ವಿರುದ್ಧ ಹೂಡಿದ್ದ ದಾವೆಗಳಲ್ಲಿ, ಪಶ್ಚಾತ್ತಾಪ ತೋರಿದವನ ಪರವಾಗಿ ಮಾತ್ರ ಹುಡುಕಾಟದ ಫಲಿತಾಂಶ ತೆಗೆಯಲು ಆದೇಶಿಸಿತು. ಬೆಲ್ಜಿಯಂನಲ್ಲಿ 1994ರ ಅಪಘಾತವೊಂದರ ಚಾಲಕನ ಹೆಸರನ್ನು ಪತ್ರಿಕೆಯ ಅಂತರ್ಜಾಲ ಸಂಗ್ರಹದಿಂದ ಮರೆಮಾಡಬೇಕೆಂಬ ಆದೇಶವನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2023ರಲ್ಲಿ ಎತ್ತಿಹಿಡಿಯಿತು. ಆ ವೇಳೆಗೆ ಆತನಿಗೆ ಕಾನೂನುಬದ್ಧ ಪುನರ್ವಸತಿ ದೊರೆತು ಹದಿನೇಳು ವರ್ಷಗಳಾಗಿದ್ದವು. ಎರಡು ಪ್ರಕರಣಗಳಲ್ಲೂ ಕಾಲ ಎಷ್ಟು ಕಳೆದಿದೆ ಎಂಬುದು ಮುಖ್ಯ ಅಂಶಗಳಲ್ಲೊಂದಾಗಿತ್ತು. ನಿಮ್ಮ ತಮ್ಮನ ವಿಷಯದಲ್ಲಿ ಅದು ಈಗಲೇ ಆಗುವ ಕೆಲಸವಲ್ಲ.

ಈಗಲೇ ಮಾಡಬೇಕಾದದ್ದು ತೀರ್ಪಿನ ದೃಢೀಕೃತ ಪ್ರತಿ, ಸೆರೆಮನೆಯಿಂದ ಬಿಡುಗಡೆಯ ಪತ್ರ, ಹಣ ಜಮಾ ಮಾಡಿದ ರಸೀದಿ, ಈ ಮೂರನ್ನೂ ಒಂದು ಕಡೆ ಇಟ್ಟುಕೊಳ್ಳುವುದು. ಹತ್ತು ವರ್ಷದ ನಂತರ ಇವುಗಳ ಅಗತ್ಯ ಬಿದ್ದಾಗ ಹುಡುಕಾಡುವವರನ್ನು ನೋಡಿ ಹೇಳುತ್ತಿದ್ದೇನೆ.

ಹಿರಿಯಕ್ಕ

ನಿನ್ನೆ ರಾತ್ರಿ ಎಲ್ಲ ಉತ್ತರಗಳನ್ನೂ ತಮ್ಮನಿಗೆ ಓದಿ ಹೇಳಿದೆ. ವಕೀಲರ ಮಾತಿಗೆ ವಾದ ಹೂಡಿದ, ಹೆಸರು ಬೇಡ ಎಂದವರ ಉತ್ತರ ಓದುವಾಗ ಸುಮ್ಮನಾದ, ಮಗಳ ಮಾತು ಬಂದಾಗ ಎದ್ದು ಹೊರಗೆ ಹೋದ. ಬೆಳಿಗ್ಗೆ ಅವನೇ ಪೆನ್ನು ತೆಗೆದುಕೊಂಡು "ಹೌದು" ಎಂದು ಬರೆದಿದ್ದಾನೆ. ವಿವರಣೆಯ ಮೊದಲ ಕರಡಿನಲ್ಲಿ ಸಾಲದ ಕಥೆಯೇ ಎಂಟು ಸಾಲುಗಳಿದ್ದವು, ಇಬ್ಬರೂ ಕುಳಿತು ಅದನ್ನು ಒಂದು ವಾಕ್ಯಕ್ಕೆ ಇಳಿಸಿದ್ದೇವೆ. ತೀರ್ಪಿನ ಪ್ರತಿಗೆ ಅರ್ಜಿ ಹಾಕಿದ್ದೇವೆ. ಅದು ಬಂದ ಮೇಲೆ ದಿನಾಂಕಗಳನ್ನು ಹೋಲಿಸಿ ನೋಡಿ, ಎಲ್ಲವನ್ನೂ ಒಟ್ಟಿಗೆ ಕಳುಹಿಸುತ್ತೇವೆ.