ವೈಟ್ ಬೋರ್ಡ್ ಕಾರಲ್ಲಿ ಗೋಕರ್ಣ ಬಾಡಿಗೆ: ಸಿಕ್ಕಿಬಿದ್ದರೆ ಎಷ್ಟು ಕಟ್ಟಬೇಕು?

ಕುಮಟಾದವ:
ನಮ್ಮ ಭಾವ ಸೆಕೆಂಡ್ ಹ್ಯಾಂಡ್‌ನಲ್ಲಿ 1200 ಸಿಸಿ ಪೆಟ್ರೋಲ್ ಕಾರು ತಗೊಂಡಿದ್ದಾರೆ. ಮನೆಗೆ ಅಂತಲೇ ತಂದದ್ದು. ಈಗ ಸೀಸನ್ ಅಲ್ವಾ, ಗೋಕರ್ಣ ರೋಡ್ ಸ್ಟೇಷನ್‌ನಿಂದ ಓಂ ಬೀಚ್, ಒಮ್ಮೊಮ್ಮೆ ಯಾಣ, ಮುರ್ಡೇಶ್ವರ ಅಂತ ಬಾಡಿಗೆ ಹೊಡೆಯುತ್ತಿದ್ದಾರೆ. ಲೋನ್ ಕಂತು ಅದರಲ್ಲೇ ಹೋಗುತ್ತದಂತೆ. ಬೇಡ ಎಂದರೆ "ಎಲ್ಲರೂ ಮಾಡ್ತಾರೆ, ಹಿಡಿದರೆ ಐನೂರೋ ಸಾವಿರವೋ ಕೊಟ್ಟರಾಯಿತು" ಎನ್ನುತ್ತಾರೆ. ನಿಜವಾಗಿ ದಂಡ ಎಷ್ಟು? ಹಳದಿ ಬೋರ್ಡ್ ಮಾಡಿಸಿದರೆ ಖರ್ಚು ತುಂಬಾ ಏರುತ್ತದಾ? ಓವರ್‌ಸ್ಪೀಡ್ ಚಲನ್ ಬೇರೆ ಬಾಕಿ ಇದೆ, ಅದರಿಂದ ಇನ್ಶೂರೆನ್ಸ್ ರದ್ದಾಗುತ್ತದೆ ಅಂತ ಯಾರೋ ಹೆದರಿಸಿದ್ದಾರೆ.

ಹೊನ್ನಾವರ ಹಳದಿ:
ಪರ್ಮಿಟ್ ಇಲ್ಲದೆ ಬಾಡಿಗೆ ಓಡಿಸಿದರೆ ಮೋಟಾರು ವಾಹನ ಕಾಯ್ದೆಯ 192ಎ ಕಲಂ ಬೀಳುತ್ತದೆ. 2019ರ ತಿದ್ದುಪಡಿ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿ, ಆರು ತಿಂಗಳವರೆಗೆ ಜೈಲಿಗೂ ಅವಕಾಶ ಇದೆ. ಗಾಡಿ ಜಪ್ತಿ ಮಾಡಿದರೆ ಸೀಸನ್ನೇ ಹೋಯಿತು. ನಾವು ಟ್ಯಾಕ್ಸ್, ಪರ್ಮಿಟ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಎಲ್ಲ ಕಟ್ಟಿ ಸ್ಟೇಷನ್ ಮುಂದೆ ಕಾಯುತ್ತಾ ಕೂತಿದ್ದರೆ ವೈಟ್ ಬೋರ್ಡಿನವರು ಫೋನಲ್ಲೇ ಗಿರಾಕಿ ಎತ್ತಿಕೊಂಡು ಹೋಗುತ್ತಾರೆ. ಸಿಟ್ಟು ಬರುವುದಿಲ್ವಾ ಮಾರಾಯ್ರೆ? ನಿಮ್ಮ ಭಾವನ ಮೇಲಲ್ಲ, ಸುಮ್ನೆ ಹೇಳಿದೆ.

ಶಿರಸಿ ಪಾಲಿಸಿ:
ಇನ್ಶೂರೆನ್ಸ್ ಕೆಲಸ ಮಾಡುತ್ತೇನೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ. ಚಲನ್ ಬಾಕಿ ಇದ್ದ ಮಾತ್ರಕ್ಕೆ ಪಾಲಿಸಿ ರದ್ದಾಗುವುದಿಲ್ಲ. ಅದನ್ನು ಕಟ್ಟಿಬಿಡಿ. 2023ರಲ್ಲಿ, 2025ರಲ್ಲಿ ಸರ್ಕಾರ ಅರ್ಧ ರಿಯಾಯಿತಿ ಕೊಟ್ಟಿತ್ತು ಅಂತ ಮತ್ತೊಂದು ರಿಯಾಯಿತಿಗೆ ಕಾಯುತ್ತಾ ಕೂರುವುದು ಬೇಡ.

ಹೆದರಬೇಕಾದದ್ದು ಬಾಡಿಗೆಗೆ. ಪ್ರೈವೇಟ್ ಕಾರಿನ ಪಾಲಿಸಿಯಲ್ಲಿ ಬಾಡಿಗೆಗೆ ಬಳಸಬಾರದು ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ದೇವಿಮನೆ ಘಟ್ಟದಲ್ಲಿ ಎಲ್ಲೋ ಗುದ್ದಿತು ಅಂತಿಟ್ಟುಕೊಳ್ಳಿ. ನಷ್ಟ ಪರಿಶೀಲಿಸಲು ಇನ್ಶೂರೆನ್ಸ್ ಸರ್ವೇಯರ್ ಬರುತ್ತಾರೆ. "ಸ್ನೇಹಿತರು, ಸುಮ್ನೆ ಕರೆದುಕೊಂಡು ಹೊರಟಿದ್ದೆ" ಎಂದು ನೀವು ಹೇಳುತ್ತೀರಿ, ಆದರೆ ಆಸ್ಪತ್ರೆಯಲ್ಲಿರುವ ಬೆಂಗಳೂರಿನವರು ಬಾಡಿಗೆ ಇಷ್ಟು ಕೊಟ್ಟೆವು ಅಂತ ಪೊಲೀಸರ ಮುಂದೆ ಹೇಳಿಯಾಗಿರುತ್ತದೆ, ಫೋನ್‌ಪೇಯಲ್ಲೂ ಇರುತ್ತದೆ. ಕಾರು ರಿಪೇರಿಯ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ಇನ್ನು ಬರೀ ಥರ್ಡ್ ಪಾರ್ಟಿ ಪಾಲಿಸಿ ಇದ್ದರೆ ಕಾರೊಳಗೆ ಕೂತವರಿಗೆ ಅದರಲ್ಲಿ ರಕ್ಷಣೆಯೇ ಇಲ್ಲ. ರಸ್ತೆಯಲ್ಲಿ ನಡೆಯುವವರಿಗೆ ಪೆಟ್ಟಾದರೆ ಎಷ್ಟೋ ಕೇಸಲ್ಲಿ ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕನಿಂದ ವಸೂಲಿ ಮಾಡಲಿ ಅಂತ ಕೋರ್ಟ್ ಹೇಳುತ್ತದೆ. ಆ ಮಾಲೀಕ ನಿಮ್ಮ ಭಾವ. ಹತ್ತು ಸಾವಿರದ ದಂಡ ಇದರ ಮುಂದೆ ಚಿಲ್ಲರೆ, ಇಲ್ಲಿ ತೋಟ ಮಾರಬೇಕಾಗುತ್ತದೆ.

ಅಂಕೋಲಾ ವಕೀಲ:
ರಿಪೇರಿ ಕ್ಲೇಮ್ ಪೂರ್ತಿ ಹೋಗುತ್ತದೆ ಅಂತಲೂ ಇಲ್ಲ. ಇಂಥದ್ದೇ ಬಾಡಿಗೆ ಕೇಸಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಕ್ಲೇಮನ್ನು ಪೂರ್ತಿ ತಳ್ಳಿಹಾಕುವಂತಿಲ್ಲ, ಸ್ವಲ್ಪವಾದರೂ ಕೊಡಿ ಎಂದಿತ್ತು. ಆದರೆ ಅದಕ್ಕಾಗಿ ಆ ಗಾಡಿ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು, ನೆನಪಿರಲಿ.

ಹೊನ್ನಾವರ ಹಳದಿ:
ಹಳದಿ ಬೋರ್ಡ್ ಲೆಕ್ಕ ಕೇಳಿದ್ರಲ್ಲ. 2022ರ ದರದಲ್ಲಿ 1000ದಿಂದ 1500 ಸಿಸಿಯ ಪ್ರೈವೇಟ್ ಕಾರಿಗೆ ಥರ್ಡ್ ಪಾರ್ಟಿ ಪ್ರೀಮಿಯಂ ವರ್ಷಕ್ಕೆ 3,416. ಅದೇ ಕಾರು ಟ್ಯಾಕ್ಸಿಯಾದರೆ 7,940, ಮೇಲೆ ಒಬ್ಬೊಬ್ಬ ಪ್ರಯಾಣಿಕರಿಗೆ 978. ನಾಲ್ವರಿಗೆ ಒಟ್ಟು 11,852. ಜಿಎಸ್‌ಟಿ ಬೇರೆ. ಅಂದರೆ ಎಂಟು ಸಾವಿರ ಚಿಲ್ಲರೆ ಜಾಸ್ತಿ. ಎಫ್‌ಸಿ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ. ಬ್ರೇಕ್, ಲೈಟ್, ಟೈರ್ ಸರಿ ಮಾಡಿಸಿಕೊಂಡೇ ಹೋಗಬೇಕು, ನಮ್ಮ ಕರಾವಳಿಯ ಉಪ್ಪು ಗಾಳಿಗೆ ಅಡಿಭಾಗ ತುಕ್ಕು ಹಿಡಿದಿದ್ದರೆ ವೆಲ್ಡಿಂಗ್ ಖರ್ಚೂ ಬರುತ್ತದೆ. ಡ್ರೈವಿಂಗ್ ಲೈಸೆನ್ಸ್ ಬಗ್ಗೆ ಚಿಂತೆ ಬೇಡ. ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ಇದ್ದರೆ ಇಂಥ ಸಣ್ಣ ಟ್ಯಾಕ್ಸಿಗೂ ಸಾಕು ಅಂತ 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ.

ಕುಮಟಾದವ:
ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಓದಿ ಹೇಳಿದೆ. ದಂಡಕ್ಕೆ ನಕ್ಕರು, ವಸೂಲಿಯ ಮಾತಿಗೆ ಅಕ್ಕ ನಗಲಿಲ್ಲ. ಲೋನ್ ಇರುವಾಗಲೇ ಹಳದಿ ಬೋರ್ಡ್ ಮಾಡಿಸಬಹುದಾ?

ಶಿರಸಿ ಪಾಲಿಸಿ:
ಮಾಡಿಸಬಹುದು. ಸಾಲ ಕೊಟ್ಟವರ ಒಪ್ಪಿಗೆ ಪತ್ರ ಬೇಕು. ಮೊದಲು ಅದನ್ನು ಕೇಳಿ, ಆಮೇಲೆ ಹೊನ್ನಾವರ ಆರ್‌ಟಿಒಗೆ ಹೋಗಿ. ಅಲ್ಲಿಯವರೆಗೆ ಬಾಡಿಗೆ ಬಂದರೆ ಮೇಲಿನ ಹಳದಿಯವರಿಗೇ ಕೊಡಿ, ಅವರ ಸಿಟ್ಟೂ ಇಳಿಯುತ್ತದೆ.