ಮಕ್ಕಳ ‘ಅಸೆಂಟ್’ಗೆ ‘ಸಮ್ಮತಿ’ ಎನ್ನಬಹುದೇ?

ಮಾನ್ಯರೇ,

ವೈದ್ಯಕೀಯ ಸಂಶೋಧನೆಗಳ ನೈತಿಕ ಪರಿಶೀಲನಾ ಸಮಿತಿಯೊಂದರ ಮುಂದೆ ಬರುವ ಕನ್ನಡ ಒಪ್ಪಿಗೆ ಪತ್ರಗಳನ್ನು ಓದಿ ತಿದ್ದಿಕೊಡುವ ಕೆಲಸವನ್ನು ಕೆಲವು ಕಾಲದಿಂದ ಮಾಡುತ್ತಿದ್ದೇನೆ. ಅದರಲ್ಲಿ ಮತ್ತೆ ಮತ್ತೆ ಎಡವುವ ಒಂದು ಪದದ ಬಗ್ಗೆ ತಮ್ಮ ಅಭಿಪ್ರಾಯ ಬೇಕಾಗಿದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಂತೆ, ಮಕ್ಕಳನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುವಾಗ ತಂದೆತಾಯಿಯ ‘ಕನ್ಸೆಂಟ್’, ಅಂದರೆ ಕಾನೂನುಬದ್ಧ ಅನುಮತಿ, ಮಾತ್ರ ಸಾಲದು. 7ರಿಂದ 11 ವರ್ಷದ ಮಕ್ಕಳಿಂದ ಬಾಯಿಮಾತಿನಲ್ಲಿಯೂ 12ರಿಂದ 18ರವರೆಗಿನವರಿಂದ ಬರಹದಲ್ಲಿಯೂ ‘ಅಸೆಂಟ್’, ಅಂದರೆ ಸೇರಲು ಮಗುವೇ ಹೇಳುವ ಹೌದು, ಪಡೆಯಬೇಕು. ನನ್ನ ಕೈಗೆ ಬರುವ ಹೆಚ್ಚಿನ ಪತ್ರಗಳಲ್ಲಿ ಮೊದಲನೆಯದು ‘ಒಪ್ಪಿಗೆ’, ಎರಡನೆಯದು ‘ಸಮ್ಮತಿ’ ಎಂದಿರುತ್ತದೆ. ಎರಡು ಪದ ಬೇಕಿದ್ದವು, ಎರಡು ಸಿಕ್ಕವು ಎನ್ನುವುದಕ್ಕಿಂತ ಹೆಚ್ಚಿನ ಕಾರಣ ಇದರ ಹಿಂದೆ ನನಗೆ ಕಾಣುವುದಿಲ್ಲ.

ನನ್ನ ಆಕ್ಷೇಪ ಎರಡು. ಪತ್ರಿಕೆಗಳಲ್ಲಿ ‘ಸಮ್ಮತಿಯ ವಯಸ್ಸು’ ಎಂದು ನಾವು ಓದುವ ‘ಸಮ್ಮತಿ’ ಕಾನೂನಿನ ತೂಕವಿರುವ ಪದ; 18 ತುಂಬದವರ ‘ಸಮ್ಮತಿ’ಗೆ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯೇ ಇಲ್ಲ. ಕಾನೂನು ಮಗುವಿಗೆ ಕೊಡದ ಅದೇ ಪದವನ್ನು ಸಂಶೋಧನೆಯ ಪತ್ರದಲ್ಲಿ ಮಗುವಿನ ಪಾಲಿಗೆ ಹಾಕಿ, ದೊಡ್ಡವರಿಗೆ ಮನೆಮಾತಿನ ‘ಒಪ್ಪಿಗೆ’ಯನ್ನು ಬಿಟ್ಟಿದ್ದೇವೆ. ಎರಡನೆಯದು ಇನ್ನೂ ಗಂಭೀರ. ‘ಮೌನಂ ಸಮ್ಮತಿ ಲಕ್ಷಣಂ’ ಎಂಬ ಮಾತು ಓದುಬರಹ ಬಾರದವರ ಬಾಯಲ್ಲೂ ಇದೆ. ಆದರೆ ಅಮೆರಿಕದ ಸಂಶೋಧನಾ ನಿಯಮಗಳು ‘ಅಸೆಂಟ್’ ಪದವನ್ನು ವಿವರಿಸುವಾಗ ಇದಕ್ಕೆ ನೇರ ವಿರುದ್ಧವಾದುದನ್ನೇ ಹೇಳುತ್ತವೆ: ಮಗು ಬೇಡವೆನ್ನದೆ ಸುಮ್ಮನಿದ್ದ ಮಾತ್ರಕ್ಕೆ ಅದು ಅಸೆಂಟ್ ಆಗದು, ತಾನಾಗಿ ಹೌದೆನ್ನಬೇಕು. ಮೌನವನ್ನೇ ಹೌದೆಂದು ಎಣಿಸುವ ಗಾದೆಯನ್ನು ಬೆನ್ನಿಗೆ ಕಟ್ಟಿಕೊಂಡ ಪದವನ್ನು ಹುಡುಕಿ ಹುಡುಕಿ ಇಲ್ಲಿಗೇ ತಂದದ್ದು ವಿಚಿತ್ರ.

ಕಳೆದ ತಿಂಗಳು ಇಂಥ ಒಂದು ಪತ್ರವನ್ನು ಪಕ್ಕದ ಮನೆಯ ನಾಲ್ಕನೇ ತರಗತಿಯ ಹುಡುಗನಿಗೆ ಓದಿ ಹೇಳಿದೆ. ಬೆರಳಿನಿಂದ ಎರಡು ಹನಿ ರಕ್ತ ತೆಗೆಯುತ್ತಾರೆ ಎಂಬಲ್ಲಿ ಕೈಯನ್ನು ಬೆನ್ನ ಹಿಂದೆ ಮಾಡಿಕೊಂಡ. ‘ಸಮ್ಮತಿಸುತ್ತೇನೆ’ ಎಂಬಲ್ಲಿ ಹಾಗೆಂದರೇನು ಎಂದು ಕೇಳಿದ. ಒಪ್ಪುವುದು ಎಂದೆ. “ಅಮ್ಮ ಒಪ್ಪಿದ್ರೆ ಆಯ್ತಲ್ಲ ಆಂಟಿ?” ಎಂದ. ಎರಡು ಪದಗಳೂ ಅವನಿಗೆ ಒಂದೇ, ಎರಡೂ ಅಮ್ಮನವೇ.

ಪರ್ಯಾಯಗಳನ್ನು ಯೋಚಿಸಿದ್ದೇನೆ. ‘ಅಂಕಿತ’ ರಾಜ್ಯಪಾಲರು ಮಸೂದೆಗೆ ಹಾಕುವಂಥದ್ದು. ಒಬ್ಬ ಅನುವಾದಕರು ನಿಘಂಟು ನೋಡಿ ‘ಮಗುವಿನ ಅಂಕಿತ’ ಎಂದು ಬರೆದದ್ದೂ ಉಂಟು. ‘ಹೂಂಗುಟ್ಟುವುದು’ ಚೆಂದದ ಮಾತಾದರೂ ಕಥೆ ಕೇಳುವ ಮಗು ಎಚ್ಚರವಾಗಿದೆ ಎಂಬುದಕ್ಕಷ್ಟೇ ಅದು ಗುರುತು. ನನ್ನ ಒಲವು ಹೆತ್ತವರ ಪತ್ರಕ್ಕೆ ‘ಪೋಷಕರ ಒಪ್ಪಿಗೆ’ ಎಂದು ಉಳಿಸಿ, ಮಗುವಿನ ಪತ್ರದಲ್ಲಿ ನಾಮಪದವನ್ನೇ ಕೈಬಿಟ್ಟು ‘ಇದಕ್ಕೆ ಸೇರಲು ನನಗೂ ಇಷ್ಟವಿದೆ’ ಎಂದು ಬರೆಯುವ ಕಡೆಗಿದೆ. ಆ ‘ನನಗೂ’ ಎಂಬುದರಲ್ಲಿ ಅಮ್ಮ ಬೇರೆ, ತಾನು ಬೇರೆ ಎಂಬುದು ಬಂದುಬಿಡುತ್ತದೆ. ತೊಡಕೆಂದರೆ, ಪತ್ರವನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿ ಮೂಲದೊಂದಿಗೆ ಹೋಲಿಸುವಾಗ ‘ಇಷ್ಟ’ ಬೇರೆಯೇ ಆಗಿ ಬರುತ್ತದೆ, ಸಮಿತಿ ಪ್ರಶ್ನಿಸುತ್ತದೆ. ಅಲ್ಲದೆ ಶೀರ್ಷಿಕೆಗೆ ಒಂದು ನಾಮಪದ ಬೇಕೇ ಬೇಕು.

ಇನ್ನೊಂದು ಕುತೂಹಲ. ಮಗು ಬೇಡವೆಂದರೆ ಅದನ್ನೂ ಮನ್ನಿಸಬೇಕು ಎಂಬುದು ಮಾರ್ಗಸೂಚಿಯ ಆಶಯ. ಬೇಡ ಎನ್ನಲು ಉತ್ತರ ಕರ್ನಾಟಕದ ಮಕ್ಕಳಿಗೆ ‘ಒಲ್ಲೆ’ ಎಂಬ ಒಂದೇ ಪದ ಸಾಕು. ಅಷ್ಟೇ ಚಿಕ್ಕದಾಗಿ, ಅಷ್ಟೇ ಸ್ವಂತದ್ದಾಗಿ ಹೌದೆನ್ನುವ ಪದ ಧಾರವಾಡ, ಕಲಬುರಗಿ ಅಥವಾ ಕರಾವಳಿಯ ಕಡೆಯ ಮಾತಿನಲ್ಲಿದ್ದರೆ, ಅದನ್ನು ಬಳಸುವ ಒಂದು ವಾಕ್ಯದೊಂದಿಗೆ ದಯವಿಟ್ಟು ತಿಳಿಸಿ.